ಮೂವತ್ತೆಂಟರ ರಿವಾಲ್ವರಿಗೆ ಕುಂಕುಮ

ಹ್ಯೂಸ್ಟನ್ನಿನಲ್ಲಿ ನಾನು ಅರಿವಳಿಕೆ ವೈದ್ಯಳಾಗಲು ಆಸ್ಪತ್ರೆಯಲ್ಲಿ ರೆಸಿಡೆನ್ಸಿ ತರಬೇತಿ ಮಾಡುತ್ತಿದ್ದ ವರ್ಷಗಳಲ್ಲಿ ನನ್ನ ಗಂಡ ಡಲ್ಲಾಸ್ ಹತ್ತಿರದ ಫ್ಲವರ್ ಮೌಂಡಿನಲ್ಲಿದ್ದ. ಸಾಫ್ಟ್‌ವೇರ್ ಕೆಲಸ. ಶುಕ್ರವಾರ ನಾಲ್ಕು ಗಂಟೆ ಡ್ರೈವ್ ಮಾಡಿಕೊಂಡು ಬರುತ್ತಿದ್ದ, ಭಾನುವಾರ ಹೊರಡುತ್ತಿದ್ದ. ಉಳಿದ ದಿನ ಅಪಾರ್ಟ್‌ಮೆಂಟಿನ ನೆಲಮಹಡಿಯಲ್ಲಿ ನಾನೊಬ್ಬಳೇ. ಒಂದು ಮಧ್ಯಾಹ್ನ ಯಾರೋ ಪಕ್ಕದ ಮನೆಯ ಬಾಗಿಲು ಒದ್ದು ಮುರಿದು, ಒಳಗಿದ್ದ ಹೆಂಗಸನ್ನು ಹೊಡೆದು ಹೋದರು. ಗೋಡೆಯ ಈಚೆ ನಾನು ಅನ್ನಕ್ಕಿಟ್ಟು ಕೂತಿದ್ದೆ. ಕುಕ್ಕರಿನ ಸದ್ದಿನಲ್ಲಿ ಏನೂ ಕೇಳಿಸಿರಲಿಲ್ಲ.

ಗಂಡನಿಗೆ ಹೇಳಿದೆ. ಆ ವಾರವೇ ಅವನಿಂದ ಒಂದು ಸ್ಪ್ರೆಡ್‌ಶೀಟ್ ಬಂತು. ಕಾರಾಗಲಿ ಮಿಕ್ಸಿಯಾಗಲಿ, ಕೊಳ್ಳುವ ಮೊದಲು ಅಮೆರಿಕದ ನಮ್ಮ ಜನ ಮಾಡುವುದೇ ಅದು: ಎಡಕ್ಕೆ ಹೆಸರು, ಬಲಕ್ಕೆ ಅಂಕಿ. ಈ ಸಲ ಎಡಕ್ಕಿದ್ದದ್ದು ಪಿಸ್ತೂಲಿನ ಗುಂಡಿನ ಅಳತೆಗಳು. ಮೂವತ್ತೆಂಟು, ಒಂಬತ್ತು ಎಂಎಂ, ನಲವತ್ತು, ನಲವತ್ತೈದು. ಬಂದೂಕು ಇಟ್ಟುಕೊಂಡಿದ್ದ ಆಸ್ಟಿನ್ನಿನ ಗೆಳೆಯರನ್ನೂ ವಿಚಾರಿಸಿ, ಯಾವುದರ ಏಟು ಎಷ್ಟು ಜೋರು ಎಂದು ಅಂಕಿ ತುಂಬಿಸಿದ್ದ. ಎಲ್ಲಕ್ಕಿಂತ ದಪ್ಪ ಗುಂಡಾದ ನಲವತ್ತೈದಕ್ಕೆ ಹಳದಿ ಬಳಿದಿದ್ದ. ಒಂದೇ ಏಟಿಗೆ ಮುಗಿಯಬೇಕು ಎಂದು ಫೋನಿನಲ್ಲಿ ವಾದಿಸಿದ. ಇರುವೆ ಕಂಡರೆ ಸುತ್ತಿಕೊಂಡು ಹೋಗುವ ಮನುಷ್ಯ! ನನಗೆ ಕೋಪವೇ ಬಂತು. ತಾನು ಜೊತೆಗಿಲ್ಲದ ಐದು ದಿನಗಳಿಗೆ ಬದಲಾಗಿ ಅವನು ದೊಡ್ಡ ಗುಂಡು ಹುಡುಕುತ್ತಿದ್ದಾನೆ ಎಂದು ಹೊಳೆಯಲು ಸ್ವಲ್ಪ ದಿನ ಬೇಕಾಯಿತು.

ಅದೇ ವಾರ ಗುಂಡೇಟು ತಿಂದವನೊಬ್ಬನಿಗೆ ಅರಿವಳಿಕೆ ಕೊಟ್ಟೆ. ಸರ್ಜನ್ ಗುಂಡು ತೆಗೆದು ಸ್ಟೀಲ್ ಬಟ್ಟಲಿಗೆ ಹಾಕಿದರು. ಹುಣಸೆ ಬೀಜದಷ್ಟಿತ್ತು. ಯಾವ ಅಳತೆಯದು ಎಂದು ಕೇಳಿದೆ. ಗಾಯ ನೋಡಿಯಾಗಲಿ ಗುಂಡು ನೋಡಿಯಾಗಲಿ ಹೇಳುವುದು ಇಷ್ಟು ವರ್ಷವಾದರೂ ತಮಗೆ ಬಂದಿಲ್ಲ, ಎಲ್ಲಿ ತಗುಲಿತು ಎಂಬುದೇ ಮುಖ್ಯ ಎಂದರು. ಆರಡಿಯ ಆಳು ಮೇಜಿನ ಮೇಲೆ ಮಲಗಿದ್ದ, ಅವನ ಉಸಿರು ನನ್ನ ಕೈಯಲ್ಲಿತ್ತು. ಇಷ್ಟು ಚಿಕ್ಕದು ಅಷ್ಟು ಮಾಡಬಲ್ಲದೇ ಎಂದು ಮತ್ತೆ ಬಟ್ಟಲು ನೋಡಿದೆ.

ಶನಿವಾರ ಇಬ್ಬರೂ ಶೂಟಿಂಗ್ ರೇಂಜಿಗೆ ಹೋದೆವು. ಕಲಿಸುವವರು ಬೆಳ್ಳಿಕೂದಲಿನ ಒಬ್ಬ ಅಜ್ಜಿ. ನಲವತ್ತೈದು ಭುಜದವರೆಗೂ ಒದೆಯಿತು, ಗುರಿಯ ಕಾಗದದಲ್ಲಿ ಒಂದು ತೂತೂ ಇಲ್ಲ. ಮೂರನೆಯ ಸಲ ಅಜ್ಜಿ ನನಗೆ ಹೇಳದೆ ಮದ್ದಿಲ್ಲದ ಸುಳ್ಳು ಗುಂಡು ತುಂಬಿದ್ದರು. ಟ್ರಿಗರ್ ಒತ್ತಿದೆ. ಸದ್ದಿಲ್ಲ, ಒದೆತವಿಲ್ಲ, ಆದರೂ ಒದೆತಕ್ಕೆ ಕಾದಿದ್ದ ನನ್ನ ಕೈ ತಾನಾಗಿ ಕೆಳಕ್ಕೆ ಜಗ್ಗಿತು. ನನ್ನ ಹೆದರಿಕೆಯನ್ನು ಹೀಗೆ ಕಣ್ಣಾರೆ ನೋಡಿದ್ದು ಅದೇ ಮೊದಲು. ಗಂಡ ನಕ್ಕ. ಅಜ್ಜಿ ಅವನಿಗೂ ಹಾಗೇ ಮಾಡಿದರು. ಅವನ ಕೈ ನನ್ನದಕ್ಕಿಂತ ಹೆಚ್ಚು ಜಗ್ಗಿತು. ಆಮೇಲೆ ಅವನು ನಲವತ್ತೈದರ ಮಾತೆತ್ತಲಿಲ್ಲ.

ಕೊನೆಗೆ ಅಜ್ಜಿ ಕೊಟ್ಟದ್ದು ಮೂವತ್ತೆಂಟರ ಭಾರವಾದ ರಿವಾಲ್ವರ್; ಭಾರವಿದ್ದಷ್ಟೂ ಒದೆತ ಕಡಿಮೆಯಂತೆ. ಚಪಾತಿಯಷ್ಟಗಲದ ಪೇಪರ್ ಪ್ಲೇಟಿಗೆ ಆರರಲ್ಲಿ ಐದು ಬಿದ್ದವು. ಇದು ನನ್ನ ಕೈಯೇ ಎಂದು ತಿರುಗಿಸಿ ನೋಡಿಕೊಂಡೆ. ಅದನ್ನೇ ಕೊಂಡೆವು.

ಅಕ್ಟೋಬರಿನಲ್ಲಿ ಆಯುಧಪೂಜೆ ಬಂತು. ಎಂದಿನಂತೆ ಮೇಜಿನ ಮೇಲೆ ಕಾರಿನ ಕೀಲಿ, ಅವನ ಲ್ಯಾಪ್‌ಟಾಪ್, ಸ್ಕ್ರೂಡ್ರೈವರ್, ನನ್ನ ಸ್ಟೆತಸ್ಕೋಪ್. ಗುಂಡು ತೆಗೆದ ರಿವಾಲ್ವರನ್ನೂ ಪಕ್ಕದಲ್ಲಿಟ್ಟೆವು. ಹುಟ್ಟಿದಾಗಿನಿಂದ ಆಯುಧಪೂಜೆ ಮಾಡಿದವಳು, ನಿಜವಾದ ಆಯುಧಕ್ಕೆ ಮಾಡುತ್ತಿರುವುದು ಅಂದೇ ಮೊದಲು. ಗಂಡ ಒಂದೊಂದಕ್ಕೂ ಕುಂಕುಮ ಇಡುತ್ತಾ, ಚೆನ್ನಾಗಿ ಓಡು, ಕೈಕೊಡಬೇಡ ಎಂದು ಅಭ್ಯಾಸದಂತೆ ಗೊಣಗುತ್ತಾ ಬಂದ. ರಿವಾಲ್ವರಿನ ಹತ್ತಿರ ಅವನ ಬೆರಳು ನಿಂತಿತು.

"ಇದಕ್ಕೆ ಏನಂತ ಕೇಳ್ಕೊಳ್ಳೋದು?" ಎಂದ.

ಅವನ ಬೆರಳಿನ ಕುಂಕುಮ ತೆಗೆದುಕೊಂಡು ನಾನೇ ಅದರ ಹಿಡಿಗೆ ಇಟ್ಟೆ. "ನಿಂಗೆ ಯಾವತ್ತೂ ಕೆಲಸ ಬರದೇ ಇರ್ಲಿ ಅಂತ."

ಅವನು ಕೈಮುಗಿದ. ಭಾನುವಾರ ಎಂದಿನಂತೆ ಹೊರಟುಹೋದ.

ಮುಂದಿನ ವಾರ ಇನ್ನೊಂದು ಸ್ಪ್ರೆಡ್‌ಶೀಟ್ ಬಂತು. ಎಡಕ್ಕೆ ಹ್ಯೂಸ್ಟನ್ನಿನಲ್ಲಿ ಕೆಲಸ ಖಾಲಿಯಿದ್ದ ಕಂಪನಿಗಳ ಹೆಸರುಗಳಿದ್ದವು. ಎಲ್ಲ ಸಾಲಿಗೂ ಹಳದಿ ಬಳಿದಿದ್ದ.