ಎರಡು ಕಡೆ ಅರ್ತಿಂಗು

ಇಂಜಿನಿಯರಿಂಗ್ ಓದುತ್ತಲೇ ಒಂದು ಕ್ವಾಂಟಂ ಲ್ಯಾಬಿಗೆ ನಾನು ಮಾಡಿಕೊಟ್ಟ ಮೊದಲ ಸರ್ಕ್ಯೂಟ್ ಬೋರ್ಡು ಸಿಗ್ನಲ್ಲಿನ ಜೊತೆ 'ನಾಯ್ಸ್' ಅನ್ನುವ ಬೇಡದ ಗದ್ದಲವನ್ನೂ ಕಳಿಸುತ್ತಿತ್ತು. ವಾರದೊಳಗೆ ಸರಿಯಾಗದಿದ್ದರೆ ಕೆಲಸ ಬೇರೆಯವರಿಗೆ ಅಂತ ಗೈಡ್ ಹೇಳಿದ್ದರು. ಭಾನುವಾರ ಕಾಮಗೆರೆಯ ಮನೆಗೆ ಬಂದವಳು, ಬೋರ್ಡಿನಲ್ಲಿ ಬಿಟ್ಟುಕೊಂಡಿದ್ದ ವೈರೊಂದನ್ನು ಬೆಸೆಯಲು ಮದುವೆಗಳಿಗೆ ಮೈಕ್ ಸೆಟ್ ಹಾಕುವ, ರಿಪೇರಿಯನ್ನೂ ಮಾಡುವ ಮಾದಪ್ಪಣ್ಣನ ಅಂಗಡಿಗೆ ಹೋದೆ.

ಅವರು ಬೋರ್ಡನ್ನು ತಿರುಗಿಸಿ ನೋಡಿ, "ಎರಡು ಕಡೆ ಅರ್ತಿಂಗ್ ಕೊಟ್ಟಿದ್ದೀಯಲ್ಲವ್ವಾ, ಗುಂಯ್ ಅನ್ನಕಿಲ್ವಾ?" ಅಂದರು.

"ಇದು ಕ್ವಾಂಟಂ ಕಂಪ್ಯೂಟರಿಂದು ಅಣ್ಣಾ."

"ಯಾವುದಾರಾ ಇರ್ಲಿ, ಒಳಗೆ ಓಡೋದು ಕರೆಂಟೇ ತಾನೆ? ಒಂದ ತಗದಾಕು."

ಮುಖ ಊದಿಸಿಕೊಂಡೇ ವಾಪಸು ಬಂದೆ. ಸೋಮವಾರ ಲ್ಯಾಬಿನಲ್ಲಿ, ಬೇರೆ ದಾರಿ ಕಾಣದೆ, ಒಂದನ್ನು ತೆಗೆದೆ. ಗದ್ದಲ ನಿಂತಿತು. ಗೈಡ್ ಬೆರಗಾಗಿ, ಯಾರು ಹೇಳಿಕೊಟ್ಟರು, ಅವರ ಇಮೇಲ್ ಕೊಡು ಅಂದರು.

"ಇಮೇಲ್ ಇಲ್ಲ ಸರ್. ಮದುವೆ ಸೀಸನ್ ಮುಗಿದ ಮೇಲೆ ಹೋದರೆ ಅಂಗಡಿಯಲ್ಲೇ ಸಿಗ್ತಾರೆ."