ಶೇಂಗಾ ಗೋದಾಮಿನ ಬೆಚ್ಚಗಿನ ಕಂಬಳಿ

ದೆವ್ವ, ಗಾಳಿ, ಸೋಂಕು ಅಂತ ಯಾರಾದರೂ ಮಾತು ತೆಗೆದರೆ ನಾನು ಎದ್ದು ಅಡುಗೆಮನೆಗೆ ಹೋಗಿಬಿಡುತ್ತಿದ್ದೆ. ಬಿ.ಎಸ್ಸಿ. ಓದಿ, ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಕೆಲವು ವರ್ಷ ವಿಜ್ಞಾನ ಕಲಿಸಿದವಳು. ಬಾವಿಕಟ್ಟೆಯ ಹತ್ತಿರ ಯಾರೋ ತನ್ನ ಹೆಸರು ಹಿಡಿದು ಕೂಗಿದರು ಎಂದು ನಮ್ಮತ್ತೆ ಹೇಳಿದರೆ, ಬಾವಿಯೊಳಗೆ ಗಾಳಿ ಸುತ್ತಿದಾಗ ಹಾಗೆ ಸದ್ದಾಗುತ್ತದೆ ಎಂದು ಅವರಿಗೇ ಪಾಠ ಹೇಳುತ್ತಿದ್ದೆ. ಈಗಲೂ ನಾನು ದೆವ್ವವನ್ನು ನಂಬುವುದಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಈಗ ಹೇಳಹೊರಟಿರುವುದರಲ್ಲಿ ದೆವ್ವ ಇಲ್ಲ. ಇದ್ದಿದ್ದರೆ ಎಷ್ಟೋ ವಾಸಿಯಿತ್ತು. ದೆವ್ವ ಅಂತಾದರೂ ಒಂದು ಹೆಸರು ಕೊಟ್ಟು ಸುಮ್ಮನಾಗಬಹುದಿತ್ತು.

ಎಪ್ಪತ್ತರ ದಶಕದ ಕೊನೆಯ ಮಾತು. ಯಜಮಾನರಿಗೆ ಹೊನ್ನಾಳಿಗೆ ವರ್ಗವಾಗಿ, ನಾನು ಕೆಲಸ ಬಿಟ್ಟು ಅವರ ಜೊತೆ ಬಂದಿದ್ದೆ. ಮನೆಯಲ್ಲಿ ಕೂತು ಕೂತು ಬೇಜಾರಾಗಿದ್ದ ಹೊತ್ತಿಗೆ ಊರಿನ ಕೆಲವು ವರ್ತಕರು ಸೇರಿ ಮನೆಮಠ ಇಲ್ಲದವರಿಗಾಗಿ ಒಂದು ಸಹಾಯ ಸಂಘ ಕಟ್ಟಿದರು. ಬಸ್ ಸ್ಟ್ಯಾಂಡಿನಲ್ಲಿ, ಸಂತೆ ಮಾಳದ ತಗಡಿನ ಕೆಳಗೆ, ಹೊಳೆಯ ಕಡೆಯ ಮಂಟಪದಲ್ಲಿ ಮಲಗುವವರಿಗೆ ಬಟ್ಟೆ, ಪಾತ್ರೆ, ಹೊದಿಕೆ ಒದಗಿಸುವುದು ಸಂಘದ ಉದ್ದೇಶ. ಚನ್ನಗಿರಿ, ನ್ಯಾಮತಿ, ಜಗಳೂರು ಕಡೆಯಿಂದ ದಾನದ ಸಾಮಾನು ಲಾರಿಯಲ್ಲಿ ಬರುತ್ತಿತ್ತು. ಅದನ್ನು ಇಳಿಸಿಕೊಂಡು, ವಿಂಗಡಿಸಿ, ಜೋಪಾನವಾಗಿಡುವ ಕೆಲಸಕ್ಕೆ ಓದಿದವರೊಬ್ಬರು ಬೇಕೆಂದು ಕೇಳಿದಾಗ ಒಪ್ಪಿಕೊಂಡೆ. ನಿಂತುಹೋಗಿದ್ದ ಶೇಂಗಾ ಮಿಲ್ಲೊಂದರ ಗೋದಾಮು ನಮ್ಮ ಉಗ್ರಾಣ. ಮಿಲ್ಲು ಮುಚ್ಚಿ ವರ್ಷಗಳಾಗಿದ್ದರೂ ಗೋಡೆಗಳಿಂದ ಹಿಂಡಿಯ ವಾಸನೆ ಹೋಗಿರಲಿಲ್ಲ.

ದಾನ ಮಾಡುವವರ ಬಗ್ಗೆ ನನಗಿದ್ದ ಗೌರವವೆಲ್ಲ ಮೊದಲ ಎರಡು ಲಾರಿಯಲ್ಲೇ ಕರಗಿತು. ಚನ್ನಗಿರಿಯಿಂದ ಬಂದ ಟ್ರಂಕು ತೆಗೆದರೆ ಅದರೊಳಗೆ ಯಾವುದೋ ನಾಟಕ ಕಂಪನಿಯ ಜರಿ ಅಂಗಿ, ಕಾಗೆಬಂಗಾರ ಹಚ್ಚಿದ ಭುಜಕೀರ್ತಿ. ನ್ಯಾಮತಿಯ ಮೂಟೆಯಲ್ಲಿ ಜೋಡಿಯಿಲ್ಲದ ಚಪ್ಪಲಿ, ತಳ ತೂತಾದ ಕೊಡ, ಬೀರು ಇಲ್ಲದ ಬೀರುವಿನ ಬಾಗಿಲು. ಹರಿದ ಸೀರೆಯನ್ನು ಒಗೆಯದೆ ಗಂಟು ಕಟ್ಟಿ ಕಳಿಸಿದವರಿದ್ದರು. ಬಸ್ ಸ್ಟ್ಯಾಂಡಿನ ಕಲ್ಲಿನ ಮೇಲೆ ಮಲಗುವವನಿಗೆ ಭುಜಕೀರ್ತಿ ತೆಗೆದುಕೊಂಡು ಏನಾಗಬೇಕು? ಧೂಳು ಕುಡಿದು ಕೆಮ್ಮುತ್ತ, ಬೈದುಕೊಳ್ಳುತ್ತ ವಿಂಗಡಿಸುತ್ತಿದ್ದೆ. ಕಾವಲಿಗಿದ್ದ ಹಾಲಪ್ಪ ಬಾಗಿಲಲ್ಲಿ ನಿಂತು, "ಬಿಡ್ರಿ ಅಮ್ಮಾರೆ, ಮನೆ ಕಸ ಹಾಕಾಕೆ ಜಾಗ ಹುಡುಕ್ತಿದ್ರು, ನಾವು ಸಿಕ್ವಿ" ಎನ್ನುತ್ತಿದ್ದ.

ಚಳಿಗಾಲದ ಆರಂಭದಲ್ಲಿ ಜಗಳೂರಿನಿಂದ ಒಂದು ಲಾರಿ ಕಂಬಳಿ ಬಂತು. ಒಳ್ಳೆಯ ಕರಿ ಕಂಬಳಿ, ದಪ್ಪ, ಹೊಸದು. ಅವನ್ನು ನೋಡಿದಾಗ ಎಷ್ಟೋ ತಿಂಗಳ ಮೇಲೆ ಮೊದಲ ಸಲ ನನಗೆ ಸಂತೋಷವಾಯಿತು. ನಾಳೆಯೇ ಹಂಚೋಣ ಎಂದೆ. ಸಂಘದ ಅಧ್ಯಕ್ಷರು ಒಪ್ಪಲಿಲ್ಲ. ಅವರು ಊರಿನ ದೊಡ್ಡ ಅಕ್ಕಿ ವ್ಯಾಪಾರಿ. ದಾವಣಗೆರೆಯಿಂದ ಗಣ್ಯರೊಬ್ಬರು ಬರುತ್ತಾರೆ, ಶಾಮಿಯಾನ ಹಾಕಿಸಿ, ಹಾರ ತರಿಸಿ, ಅವರ ಕೈಯಿಂದಲೇ ಹಂಚಬೇಕು ಎಂದರು. ಆ ಗಣ್ಯರು ಒಮ್ಮೆ ಮದುವೆ ಎಂದರು, ಒಮ್ಮೆ ನೆಗಡಿ ಎಂದರು. ದಿನ ಮುಂದಕ್ಕೆ ಹೋಗುತ್ತಲೇ ಇತ್ತು. ಅತ್ತ ಬಸ್ ಸ್ಟ್ಯಾಂಡಿನಲ್ಲಿ ಬೆಳಗಿನ ಹೊತ್ತು ಗೋಣಿಚೀಲ ಹೊದ್ದು ಮುದುಡಿ ಕೂತವರನ್ನು ದಾಟಿಕೊಂಡೇ ನಾನು ಗೋದಾಮಿಗೆ ಬರಬೇಕಿತ್ತು. ಕಂಬಳಿಯ ರಾಶಿ ಒಳಗೆ, ಚಳಿ ಹೊರಗೆ, ನಡುವೆ ನನ್ನ ಸೊಂಟದಲ್ಲಿದ್ದ ಬೀಗದ ಕೈ.

ಆ ದಿನಗಳಲ್ಲೇ ಇದು ಶುರುವಾಯಿತು. ಮಧ್ಯಾಹ್ನ ನಾನು ಊಟಕ್ಕೆ ಮನೆಗೆ ಹೋಗುವಾಗ ಬೀಗ ಹಾಕಿ ಹೋಗುತ್ತಿದ್ದೆ. ಒಂದು ದಿನ ಬಂದು ನೋಡಿದರೆ ಹಿಂದಿನ ಮೂಲೆಯಲ್ಲಿ ಒಂದು ಕಂಬಳಿ ಹಾಸಿತ್ತು. ರಾಶಿಯಿಂದ ಜಾರಿ ಬಿದ್ದಿದ್ದಲ್ಲ, ನೀಟಾಗಿ ಹಾಸಿದ್ದು. ತಲೆಯ ಕಡೆ ಒಂದು ಮಡಿಕೆ ಹೆಚ್ಚು. ಮಡಚೋಣವೆಂದು ಬಗ್ಗಿ ಕೈಯಿಟ್ಟೆ. ಬೆಚ್ಚಗಿತ್ತು. ಮಗು ಮಲಗಿದ್ದ ಹಾಸಿಗೆಯಿಂದ ಮಗುವನ್ನು ಎತ್ತಿಕೊಂಡ ಮೇಲೆ ಇರುತ್ತದಲ್ಲ, ಅಂಥ ಬಿಸಿ.

ಬಿಸಿಲು ಬಿದ್ದಿರಬೇಕು ಎಂದುಕೊಂಡೆ. ಆದರೆ ಆ ಮೂಲೆಗೆ ಬಿಸಿಲು ಬರುವುದಿಲ್ಲ. ಬೆಕ್ಕು ಇರಬೇಕು ಎಂದುಕೊಂಡೆ. ಬೆಕ್ಕು ಕಂಬಳಿ ಹಾಸಿಕೊಳ್ಳುವುದಿಲ್ಲ. ಮಾರನೆಯ ದಿನವೂ ಹಾಗೇ ಇತ್ತು, ಅದೇ ಕಂಬಳಿ, ಅಂಚಿಗೆ ಬಿಳಿ ಪಟ್ಟಿಯಿದ್ದದ್ದು. ಅದನ್ನು ರಾಶಿಯ ತೀರ ಕೆಳಗೆ ತುರುಕಿದೆ. ಊಟ ಮಾಡಿ ಬರುವಷ್ಟರಲ್ಲಿ ಮತ್ತೆ ಮೂಲೆಯಲ್ಲಿ ಹಾಸಿತ್ತು. ಗೋದಾಮಿಗೆ ಒಂದೇ ಬಾಗಿಲು. ಗೋಡೆಯ ಮೇಲ್ಗಡೆ ಇದ್ದ ಗವಾಕ್ಷಿಗಳಿಗೆ ಕಬ್ಬಿಣದ ಸರಳು. ಬೀಗ ಬದಲಾಯಿಸಿದೆ, ನೆಲಕ್ಕೆಲ್ಲ ರಂಗೋಲಿ ಪುಡಿ ಉದುರಿಸಿದೆ. ಪುಡಿಯ ಮೇಲೆ ಇಲಿಯ ಹೆಜ್ಜೆ ಕೂಡ ಮೂಡಲಿಲ್ಲ. ಕಂಬಳಿ ಮಾತ್ರ ಬೆಚ್ಚಗಿತ್ತು.

ಹೆದರಿಕೆಯಾಯಿತೇ ಎಂದು ನೀವು ಕೇಳಬಹುದು. ಇಲ್ಲ, ನನಗೆ ಸಿಟ್ಟು ಬಂತು. ಮೊದಲೇ ಸಾಕಾಗಿಹೋಗಿತ್ತು, ಅದರ ಮೇಲೆ ಇದೊಂದು. ಸಾಲದ್ದಕ್ಕೆ, ಒಂದು ಮಧ್ಯಾಹ್ನ ಅಧ್ಯಕ್ಷರು ಹೇಳದೆ ಕೇಳದೆ ಬಂದು, ನನ್ನ ಹಿಂದೆಯೇ ಒಳಗೆ ಕಾಲಿಟ್ಟು, ಹಾಸಿದ್ದ ಕಂಬಳಿಯನ್ನು ಕಂಡರು.

"ಏನ್ರೀ ಇದು? ಗೋದಾಮೋ ಛತ್ರಾನೋ?" ಎಂದರು. ನಂತರ ಹಾಲಪ್ಪನ ಕಡೆ ತಿರುಗಿ, "ನೀನೇ ತಾನೆ ಒಳಗೆ ಬಿದ್ದುಕೊಳ್ಳೋನು? ಇನ್ನೊಂದು ಸಲ ಕಂಡರೆ ಗಂಟು ಮೂಟೆ ಕಟ್ಟು" ಎಂದರು.

"ದೇವರಾಣೆ ನಾನಲ್ಲ ಧಣಿ. ಬೀಗದ ಕೈ ಅಮ್ಮಾರ ಸೊಂಟದಾಗೆ ಐತೆ, ನಾನು ಹೆಂಗೆ ಒಳಗೆ ಹೋಗ್ಲಿ?" ಎಂದ ಹಾಲಪ್ಪ. ಮನೆಯಲ್ಲಿ ಕಾಯಿಲೆಯ ಹೆಂಡತಿ, ಅವನಿಗೆ ಬೇರೆ ಕೆಲಸ ಕೊಡುವವರು ಯಾರೂ ಇರಲಿಲ್ಲ. ಅಧ್ಯಕ್ಷರ ಕಣ್ಣು ಆಮೇಲೆ ನನ್ನ ಸೊಂಟದ ಬೀಗದ ಕೈಯ ಮೇಲೆ ಬಿತ್ತು.

ಮರುದಿನ ನಾನು ಊಟಕ್ಕೆ ಹೋಗಲಿಲ್ಲ. ಹಾಲಪ್ಪನನ್ನು ಹೊರಗೆ ಕೂರಿಸಿ, ಒಳಗಿನಿಂದ ಅಗಳಿ ಹಾಕಿಕೊಂಡು, ಆ ನಾಟಕದ ಟ್ರಂಕಿನ ಮೇಲೆ ಕೂತೆ. ಕಂಬಳಿಯನ್ನು ನಾನೇ ಮೂಲೆಯಲ್ಲಿ ಹಾಸಿಟ್ಟಿದ್ದೆ, ಮುಟ್ಟಿ ತಣ್ಣಗಿದೆ ಎಂದು ಖಾತ್ರಿ ಮಾಡಿಕೊಂಡಿದ್ದೆ. ಗವಾಕ್ಷಿಯಿಂದ ಬೆಳಕು ಚೆನ್ನಾಗಿಯೇ ಬರುತ್ತಿತ್ತು. ಹೊರಗೆ ಎತ್ತಿನ ಗಾಡಿ ಹೋಗುವ ಸದ್ದು, ಯಾರೋ ಯಾರನ್ನೋ ಕರೆಯುವುದು, ಎಲ್ಲ ಕೇಳುತ್ತಿತ್ತು. ಬಹಳ ಹೊತ್ತು ಏನೂ ಆಗಲಿಲ್ಲ. ಹಸಿವೆಯಾಗಿ, ಬೆನ್ನು ನೋಯಲು ಶುರುವಾಗಿ, ನಾನು ಮೂಲೆಗೆ ಬೆನ್ನು ಹಾಕಿ ತಿರುಗಿ ಕೂತು ಅಧ್ಯಕ್ಷರನ್ನೂ ಗಣ್ಯರನ್ನೂ ಬಾಯಿ ತುಂಬ ಬೈಯತೊಡಗಿದೆ.

ಆಗ ಹಿಂದಿನಿಂದ ಉಸಿರಾಟ ಕೇಳಿತು.

ಗೊರಕೆಯಲ್ಲ, ಗೊರಕೆಗೆ ಸ್ವಲ್ಪ ಕಡಿಮೆ. ದಣಿದವರು ಗಾಢವಾಗಿ ಮಲಗಿದಾಗ ಬರುವ ಉಸಿರು. ತಿರುಗಿ ನೋಡಿದೆ. ಕಂಬಳಿಯ ಮೇಲೆ ಯಾರೂ ಇರಲಿಲ್ಲ. ಉಸಿರು ಮಾತ್ರ ಅಲ್ಲಿಂದಲೇ, ಏರುತ್ತ ಇಳಿಯುತ್ತ ಬರುತ್ತಿತ್ತು. ಎದ್ದು ಹತ್ತಿರ ಹೋದೆ. ಕುಕ್ಕರಗಾಲಿನಲ್ಲಿ ಕೂತು ಕಂಬಳಿಯ ನಡುವೆ ಅಂಗೈ ಇಟ್ಟೆ. ಬಿಸಿಯಾಗಿತ್ತು. ಕೈ ತಗುಲುತ್ತಿದ್ದಂತೆ ಉಸಿರು ಒಮ್ಮೆ ತಡೆಯಿತು, ಮಲಗಿದವರನ್ನು ಮುಟ್ಟಿ ಎಬ್ಬಿಸಿದಾಗ ಆಗುತ್ತದಲ್ಲ, ಹಾಗೆ. ಆಮೇಲೆ ಏನೂ ಇಲ್ಲ. ನೋಡನೋಡುತ್ತಿದ್ದಂತೆ ಅಂಗೈ ಕೆಳಗೆ ಕಂಬಳಿ ತಣ್ಣಗಾಯಿತು.

ಅಗಳಿ ತೆಗೆದು ಹೊರಗೆ ಬಂದೆ. "ಏನಾತು ಅಮ್ಮಾರೆ?" ಎಂದ ಹಾಲಪ್ಪ. "ಏನಿಲ್ಲ, ಸೆಕೆ" ಎಂದೆ. ಆ ಚಳಿಯಲ್ಲಿ. ಈ ವಿಷಯ ಅವನಿಗೂ ಹೇಳಲಿಲ್ಲ, ಯಜಮಾನರಿಗೂ ಹೇಳಲಿಲ್ಲ. ಏನೆಂದು ಹೇಳುವುದು?

ಅದಾದ ಕೆಲವೇ ದಿನಕ್ಕೆ ಗಣ್ಯರಿಗೆ ಈ ಸಲವೂ ಬರಲಾಗುವುದಿಲ್ಲ ಎಂದು ಅಧ್ಯಕ್ಷರಿಂದ ಸುದ್ದಿ ಬಂತು. ಇನ್ನು ಸಂಕ್ರಾಂತಿ ಕಳೆಯಲಿ ಎಂದರಂತೆ. ಸಂಕ್ರಾಂತಿ ಕಳೆದ ಮೇಲೆ ಕಂಬಳಿ ಯಾರಿಗೆ ಬೇಕು? ನನ್ನ ತಾಳ್ಮೆ ಹರಿಯಿತು. ತಳ್ಳುಗಾಡಿ ತರಿಸಿ, ಕೈಗೆ ಬಂದಷ್ಟು ಕಂಬಳಿ ಹೇರಿಸಿ, ಸಂಜೆ ಬೆಳಕಿರುವಾಗಲೇ ನಾನೂ ಹಾಲಪ್ಪನೂ ಬಸ್ ಸ್ಟ್ಯಾಂಡಿಗೆ ಹೋದೆವು. "ನನ್ನ ಕೆಲಸ ಹೋಗ್ತೈತೆ ಅಮ್ಮಾರೆ" ಎಂದ ಅವನು, ಗಾಡಿ ತಳ್ಳುತ್ತಲೇ. "ಕೇಳಿದರೆ ಅಮ್ಮಾರೇ ತಳ್ಳಿಸಿದರು ಅಂತ ಹೇಳು" ಎಂದೆ.

ಬಸ್ ಸ್ಟ್ಯಾಂಡಿನ ಕಂಬದ ಬುಡದಲ್ಲಿ ಕರಿಬಸಪ್ಪ ಎಂಬ ಮುದುಕನೊಬ್ಬ ಇರುತ್ತಿದ್ದ. ಯಾವಾಗಲೋ ಗಾಡಿಯ ಕೆಳಗೆ ಸಿಕ್ಕಿ ಎರಡೂ ಕಾಲು ಹೋಗಿದ್ದವು. ಹೋಗಿದ್ದವು ಎಂದರೆ ಕತ್ತರಿಸಿದ್ದಲ್ಲ, ಇದ್ದವು, ಆದರೆ ಊರಲು ಬರುತ್ತಿರಲಿಲ್ಲ. ಪಕ್ಕದಲ್ಲಿ ಬಾಳೆಹಣ್ಣು ಮಾರುತ್ತಿದ್ದ ಮಾಬೂಬಿ ಅವನಿಗೆ ಊಟ, ನೀರು ನೋಡಿಕೊಳ್ಳುತ್ತಿದ್ದಳು. ದಿನವೂ ಅವನನ್ನು ದಾಟಿ ಹೋಗುತ್ತಿದ್ದೆನೇ ಹೊರತು ಮಾತಾಡಿಸಿದ್ದಿಲ್ಲ. ಅವನಿಗೊಂದು ಕಂಬಳಿ ಕೊಟ್ಟೆ. ಅವನು ಅದರ ಅಂಚನ್ನು ಬೆರಳಲ್ಲಿ ಸವರಿ ನೋಡಿ ವಾಪಸ್ ಚಾಚಿದ.

"ಇದಲ್ಲ ಅಮ್ಮಾರೆ. ಬಿಳಿ ಪಟ್ಟಿ ಇರೋದು ಐತಲ್ಲ, ಅದು ಕೊಡ್ರಿ."

ಯಾವ ಬಿಳಿ ಪಟ್ಟಿ ಎಂದೆ.

"ಅದೇ ರೀ, ಹಿಂದಿನ ಮೂಲೆಯಾಗೆ ಹಾಸಿರ್ತಿತ್ತಲ್ಲ. ಮಧ್ಯಾಹ್ನ ಅಲ್ಲೇ ಮಲಗ್ತಿದ್ದೆ. ಹಿಂಡಿ ವಾಸನೆ ಒಂದು ಬಿಟ್ರೆ ಜಾಗ ಚೆನ್ನಾಗೈತೆ." ಆಮೇಲೆ ಸ್ವಲ್ಪ ಮುನಿಸಿನಿಂದಲೇ ಸೇರಿಸಿದ: "ಅವತ್ತು ನೀವು ಪೆಟ್ಟಿಗೆ ಮ್ಯಾಲೆ ಕುಂತು ಯಾರನ್ನೋ ಬೈತಿದ್ರಿ. ಬೈಕೊಳ್ಳಿ, ನಂಗೇನು. ಬಂದು ಮುಟ್ಟಿಬಿಟ್ರಿ ನೋಡ್ರಿ, ಎಚ್ಚರಾಗೋತು. ಆಮ್ಯಾಲೆ ಅಲ್ಲಿಗೆ ಹೋಗಾಕೇ ಆಗ್ಲಿಲ್ಲ."

ನಾನು ಬೈದದ್ದನ್ನು ಹಾಲಪ್ಪ ಹೊರಗಿನಿಂದ ಕೇಳಿಸಿಕೊಂಡು ಇವನಿಗೆ ಹೇಳಿರಬಹುದು. ಆದರೆ ನಾನು ಮುಟ್ಟಿದ್ದು? ಒಳಗೆ ಅಗಳಿ ಹಾಕಿತ್ತು. ಮಾಬೂಬಿಯನ್ನು ಕೇಳಿದೆ, ಇವನು ಮಧ್ಯಾಹ್ನ ಎಲ್ಲಿಗಾದರೂ ಹೋಗುತ್ತಾನಾ ಎಂದು. ಅವಳು ನಕ್ಕಳು. "ಎಲ್ಲಿಗೆ ಹೋಗ್ತಾನ್ರೀ ಪಾಪ? ನನ್ ಕಣ್ಮುಂದೆನೇ ಇಲ್ಲೇ ಬಿದ್ದಿರ್ತಾನೆ. ಮುಖದ ಮ್ಯಾಲಿನ ನೊಣ ನಾನೇ ಓಡಿಸೋದು. ಮಧ್ಯಾಹ್ನ ಮಲಗಿದ್ರೆ ಮೈ ಮಂಜುಗಡ್ಡೆ ಆಗಿರ್ತೈತೆ, ಎಷ್ಟೋ ಸಲ ಹೆದರ್ಕಂಡು ಅಲ್ಲಾಡಿಸಿ ನೋಡೀನಿ, ಏಳಲ್ಲ."

ಹಾಲಪ್ಪನನ್ನು ಗೋದಾಮಿಗೆ ಓಡಿಸಿ ಆ ಕಂಬಳಿ ತರಿಸಿ ಕೊಟ್ಟೆ. ಕರಿಬಸಪ್ಪ ಅದನ್ನು ಕಂಡು, ಮನೆಗೆ ಬಂದ ದನವನ್ನು ಮುಟ್ಟುವ ಹಾಗೆ ಒಮ್ಮೆ ತಟ್ಟಿ, ಹೊದ್ದುಕೊಂಡ. ಮಾರನೆಯ ದಿನ ಉಳಿದ ಕಂಬಳಿಗಳನ್ನೂ ಹಂಚಿ ಮುಗಿಸಿದೆ.

ಸುದ್ದಿ ಊರಿಗೆಲ್ಲ ಹರಡಿ, ಜನ ಅಧ್ಯಕ್ಷರನ್ನು ದಾರಿಯಲ್ಲಿ ನಿಲ್ಲಿಸಿ ಹೊಗಳಿದ್ದರಿಂದ ಅವರಿಗೆ ಸಿಟ್ಟು ತೋರಿಸಲು ಆಗಲಿಲ್ಲ. ಹಾಲಪ್ಪನ ಕೆಲಸ ಉಳಿಯಿತು. ನನ್ನಿಂದ ಬೀಗದ ಕೈಯನ್ನು ಮಾತ್ರ ನಯವಾಗಿ ಇಸಿದುಕೊಂಡರು. ನನಗೆ ಬೇಸರವಾದದ್ದು ಅದಕ್ಕಲ್ಲ. ವಿಜ್ಞಾನ ಓದಿದವಳಿಗೆ ಇನ್ನೊಮ್ಮೆ ಪರೀಕ್ಷಿಸಿ ನೋಡಬೇಕೆಂಬ ಚಡಪಡಿಕೆ ಇರುವುದಿಲ್ಲವೇ? ಪರೀಕ್ಷೆಗೆ ಗೋದಾಮಿನಲ್ಲಿ ಕಂಬಳಿ ಉಳಿದಿರಲಿಲ್ಲ, ಒಳಗೆ ಹೋಗುವ ಹಕ್ಕೂ ಉಳಿದಿರಲಿಲ್ಲ.

ಉಳಿದದ್ದು ಕರಿಬಸಪ್ಪನೊಬ್ಬನೇ. ಅವನು ಎಲ್ಲೂ ಮಾಯವಾಗಲಿಲ್ಲ, ಅದೇ ಕಂಬದ ಬುಡದಲ್ಲೇ ಇದ್ದ. ಯಜಮಾನರಿಗೆ ಮತ್ತೆ ವರ್ಗವಾಗುವವರೆಗೂ ನಾನು ಹೋಗಿ ಹೋಗಿ ಅವನನ್ನು ಕೇಳಿದೆ. ಹೇಗೆ ಹೋದೆ? ಯಾವ ದಾರಿಯಿಂದ? ಏನು ಕಂಡಿತು? ಅವನು ಪ್ರತಿ ಸಲವೂ "ನಿದ್ದೆ ಬಂತು, ಹೋದೆ" ಎನ್ನುತ್ತಿದ್ದ. ಅದರಾಚೆ ಒಂದು ಅಕ್ಷರ ಅವನ ಬಾಯಿಂದ ಹೊರಡಿಸಲು ನನ್ನಿಂದಾಗಲಿಲ್ಲ. ಮುಚ್ಚಿಡುತ್ತಿದ್ದಾನೆ ಎನ್ನಿಸಲಿಲ್ಲ. ಇದರಲ್ಲಿ ಕೇಳುವುದೇನಿದೆ ಎಂಬುದೇ ಅವನಿಗೆ ತಿಳಿಯುತ್ತಿರಲಿಲ್ಲ. ಕೊನೆಗೊಂದು ದಿನ ನನ್ನ ಕಾಟ ತಡೆಯಲಾರದೆ ಅವನೇ ಕೇಳಿದ: "ನೀವು ಮಲಗಿದಾಗ ಎಲ್ಲಿಗೆ ಹೋಗ್ತೀರಿ ಅಮ್ಮಾರೆ?"

"ಎಲ್ಲಿಗೂ ಇಲ್ಲ. ನಮ್ಮನೆ ಮಂಚದ ಮೇಲೇ ಇರ್ತೀನಿ."

"ನೀವು ನೋಡೀರಾ?" ಎಂದ ಕರಿಬಸಪ್ಪ, ಬಾಳೆಹಣ್ಣಿನ ಸಿಪ್ಪೆ ಸುಲಿಯುತ್ತ.

ನಾನು ಎದ್ದು ಮನೆಗೆ ಬಂದೆ. ಈಗಲೂ ಬೆಳಿಗ್ಗೆ ಎದ್ದ ಕೂಡಲೇ, ನಾನು ಮಲಗಿದ್ದ ಜಾಗ ಬೆಚ್ಚಗಿದೆಯೇ ಎಂದು ಮೊದಲು ಕೈಯಿಟ್ಟು ನೋಡುತ್ತೇನೆ.