ಡಿಕ್ಕಿ ಇಲ್ಲದವರ ಗೇಟು

ಕಳೆದ ವಾರ ನಾನೊಬ್ಬ ಹುಡುಗಿಯನ್ನು ಟೆಕ್ ಪಾರ್ಕಿನೊಳಗೆ ಕದ್ದು ಸಾಗಿಸಿದೆ. ಹಾಡಹಗಲೇ. ಸೆಕ್ಯುರಿಟಿಯವರ ಕಣ್ಣೆದುರಿಗೇ. ಅವರಿಂದ ಸೆಲ್ಯೂಟ್ ಬೇರೆ ಹೊಡೆಸಿಕೊಂಡು.

ಗಾಬರಿಯಾಗಬೇಡಿ, ಪೊಲೀಸರು ನನ್ನನ್ನಿನ್ನೂ ಹುಡುಕುತ್ತಿಲ್ಲ. ಆದದ್ದಿಷ್ಟು.

ನನ್ನ ಗೆಳತಿಯ ತಮ್ಮ ಸಂದೀಪ ದೊಡ್ಡನೆಕ್ಕುಂದಿ ಕಡೆಯ ಒಂದು ಕಂಪನಿಯಲ್ಲಿ ಮ್ಯಾನೇಜರ್. ಫೋನಿನಲ್ಲಿ ಕನ್ನಡದ ಗ್ರಾಹಕರ ತಕರಾರು ಕೇಳಿ ಬಗೆಹರಿಸುವವರು ಅವರಿಗೆ ಬೇಕಿತ್ತು. 'ಅಕ್ಕ, ಇಂಟರ್‌ವ್ಯೂಗೆ ನೀವೂ ಬನ್ನಿ. ಕನ್ನಡ ಹೆಂಗಿದೆ ಅಂತ ನೀವೇ ನೋಡ್ಬೇಕು' ಎಂದ. ಬ್ರೂಕ್‌ಫೀಲ್ಡಿನ ನಮ್ಮ ಮನೆಯಿಂದ ದೂರವೇನಲ್ಲ. ಕಾರು ತೆಗೆದುಕೊಂಡು ಹೊರಟೆ.

ಅಲ್ಲಿನ ಏರ್ಪಾಡು ನೋಡಿ ನಾನು ಫಿದಾ. ಅಭ್ಯರ್ಥಿ ಒಂದು ರೂಮಿನಲ್ಲಿ, ಸಂದೀಪ, ಅವನ ಸಹೋದ್ಯೋಗಿಯೊಬ್ಬರು, ನಾನು ಇನ್ನೊಂದರಲ್ಲಿ. ನಡುವೆ ಫೋನು ಮಾತ್ರ. ಹೆಸರಿಲ್ಲ, ಬರೀ ನಂಬರು. ಮುಖ ಕಾಣದು, ಬಟ್ಟೆ ಕಾಣದು, ಯಾವ ಕಾಲೇಜು, ಯಾರ ಮಗಳು ಒಂದೂ ತಿಳಿಯದು. 'ನಮ್ದು ಫುಲ್ ಫೇರ್ ಪ್ರೊಸೆಸ್ ಅಕ್ಕ. ಮಾತು ಚೆನ್ನಾಗಿದ್ರೆ ಕೆಲಸ, ಅಷ್ಟೇ' ಎಂದು ಸಂದೀಪ ಬೀಗಿದ. ಬೀಗಲಿ ಬಿಡಿ, ಬೀಗುವಂಥದ್ದೇ.

ನನಗೆ ಸಿಟ್ಟಿಗೆದ್ದ ಗ್ರಾಹಕಿಯ ಪಾತ್ರ. (ಅದಕ್ಕೆ ರಿಹರ್ಸಲ್ ಬೇಕಿಲ್ಲ ಎಂಬುದು ನಮ್ಮ ಮನೆಯವರ ಅಭಿಪ್ರಾಯ.) ಫೋನಿನಲ್ಲಿ ಕೂಗಾಡಿದೆ. ಕೆಲವರು ತಡವರಿಸಿದರು, ಕೆಲವರು ನನ್ನನ್ನೇ ತಣ್ಣಗಾಗಿಸಿದರು. ಏಳನೇ ನಂಬರು ಕರೆದರೆ ಮಾತ್ರ ಸದ್ದೇ ಇಲ್ಲ.

'ನೋ ಶೋ' ಎಂದ ಸಂದೀಪ. 'ನೋಡಿ ಅಕ್ಕ, ಅವಕಾಶ ಕೊಟ್ರೂ ಬರಲ್ಲ ಈಗಿನವ್ರು.'

ಬ್ರೇಕ್ ಸಿಕ್ಕಿತು. ಮಷೀನ್ ಕಾಫಿ ನನ್ನ ಗಂಟಲಲ್ಲಿ ಇಳಿಯುವುದಿಲ್ಲ. ಗೇಟಿನಾಚೆಯ ಟೀ ಅಂಗಡಿಗೆ ನಡೆದೆ. ಅಲ್ಲಿ ನಿಂತಿದ್ದಳು ನಮ್ಮ ಏಳನೇ ನಂಬರು.

ಇಸ್ತ್ರಿ ಮಾಡಿದ ಚೂಡಿದಾರ, ಎದೆಗವಚಿಕೊಂಡ ಫೈಲು, ಅತ್ತು ಕೆಂಪಾದ ಕಣ್ಣು. ಹೆಸರು ಮಹಾದೇವಿ. ಯಾದಗಿರಿ ಕಡೆಯವರು. ಅಪ್ಪನಿಗೆ ಪೀಣ್ಯದ ಸಣ್ಣ ಫ್ಯಾಕ್ಟರಿಯೊಂದರಲ್ಲಿ ಕೆಲಸ, ಅಲ್ಲೇ ಹತ್ತಿರ ಬಾಡಿಗೆ ರೂಮು. ಇವಳು ಬಿ.ಎ. ಮುಗಿಸಿದ್ದಾಳೆ. ಈ ಕೆಲಸ ಸಿಗದಿದ್ದರೆ ಅದೇ ಫ್ಯಾಕ್ಟರಿಯಲ್ಲಿ ಪ್ಯಾಕಿಂಗಿಗೆ ಸೇರುವುದೆಂದು ಮನೆಯಲ್ಲಿ ಮಾತಾಗಿದೆಯಂತೆ.

'ನಸುಕಿನ್ಯಾಗ ಮನಿ ಬಿಟ್ಟೀನ್ರಿ ಮೇಡಂ. ಹೆಬ್ಬಾಳದಾಗ ಬಸ್ ಕೆಟ್ಟು ನಿಂತ್ತು. ಇನ್ನೊಂದು ಹಿಡದು ಬರೂದ್ರಾಗ ಒಳಗ ಬಿಡಂಗಿಲ್ಲ ಅಂದ್ರು.'

'ಮತ್ತೆ ಇಲ್ಲೇ ಯಾಕಮ್ಮ ನಿಂತಿದ್ದೀಯ?'

'ಸೋತ್ರ ಇಂಟರ್‌ವ್ಯೂದಾಗ ಸೋಲ್ತೀನ್ರಿ. ಗೇಟಿನ್ಯಾಗ ಸೋತು ಬಂದೆ ಅಂತ ಅಪ್ಪಗ ಹೆಂಗ ಹೇಳ್ಲಿ?'

ಟೀ ಲೋಟ ಹಿಡಿದುಕೊಂಡೇ ಗೇಟಿಗೆ ನಡೆದೆ. ಸೆಕ್ಯುರಿಟಿಯವನನ್ನು ಕೇಳಿದೆ. 'ನಾನೇನ್ ಮಾಡ್ಲಿ ಮೇಡಂ? ಒಂಬತ್ತೂವರೆ ಆದ್ಮೇಲೆ ಇಂಟರ್‌ವ್ಯೂನೋರ್ನ ಬಿಡ್ಬ್ಯಾಡ ಅಂದವ್ರೆ. ಬಿಟ್ರೆ ನನ್ ಕೆಲ್ಸ ಓಯ್ತದೆ. ರೂಲ್ ಎಲ್ರಿಗೂ ಒಂದೇಯ.'

ಎಲ್ಲರಿಗೂ ಒಂದೇ ಎಂಬ ಮಾತು ಮುಗಿಯುವಷ್ಟರಲ್ಲಿ ಪಕ್ಕದ ದೊಡ್ಡ ಗೇಟಿಗೆ ಕಾರೊಂದು ಬಂತು. ಓಡಿಸುತ್ತಿದ್ದದ್ದು ಅಪ್ಪ, ಪಕ್ಕದಲ್ಲಿ ಟೈ ಕಟ್ಟಿದ ಮಗ. 'ಇಂಟರ್‌ವ್ಯೂ ಇದೆ, ಲೇಟಾಯ್ತು' ಎಂದರು. ಅಲ್ಲಿನ ಸೆಕ್ಯುರಿಟಿ ಉದ್ದ ಕೋಲಿನ ಕನ್ನಡಿ ಹಿಡಿದು ಕಾರಿನ ಕೆಳಗೆ ನೋಡಿದ. ಡಿಕ್ಕಿ ತೆಗೆಸಿ ನೋಡಿದ. ಸೆಲ್ಯೂಟ್ ಹೊಡೆದ. ಹೋಗಿಯೇಬಿಟ್ಟರು.

'ಇದೇನಪ್ಪಾ?' ಎಂದೆ.

'ಅದು ವೆಹಿಕಲ್ ಗೇಟು ಮೇಡಂ. ಅಲ್ಲಿ ಡಿಕ್ಕಿ ನೋಡ್ತಾರೆ, ಅಷ್ಟೇಯ. ನಂದು ನಡ್ಕೊಂಡ್ ಬರೋರ್ ಗೇಟು.'

ನನಗೆ ರೇಗಿಹೋಯಿತು. ಅವನ ಮೇಲಲ್ಲ, ಪಾಪ, ಅವನದೂ ಹೊಟ್ಟೆಪಾಡು. ಟೀ ಅರ್ಧಕ್ಕೇ ಬಿಟ್ಟು ಒಳಗೆ ಹೋದೆ. ಕಾರು ಹೊರಗೆ ತಂದು 'ಹತ್ತಮ್ಮ' ಎಂದೆ. ಒಂದು ಸುತ್ತು ಹಾಕಿ ದೊಡ್ಡ ಗೇಟಿನ ಮುಂದೆ ನಿಲ್ಲಿಸಿದೆ. ಕನ್ನಡಿ ಬಂತು. ಡಿಕ್ಕಿ ತೆರೆಯಿತು. ಅದರೊಳಗೆ ಒಂದು ಮುರಿದ ಛತ್ರಿ, ರದ್ದಿಗೆ ಹಾಕಬೇಕಾದ ಹಳೇ ಪೇಪರು. ಪಕ್ಕದ ಸೀಟಿನಲ್ಲಿ ಉಸಿರು ಬಿಗಿಹಿಡಿದು ಕೂತ ಹುಡುಗಿ ಯಾರು ಎಂದು ಒಬ್ಬರೂ ಕೇಳಲಿಲ್ಲ. ನಮಗೂ ಸೆಲ್ಯೂಟ್ ಸಿಕ್ಕಿತು.

ಮೇಲೆ ಸಂದೀಪ ಮುಖ ಗಂಟು ಹಾಕಿದ. 'ಅಕ್ಕ, ಇದು ಫೇವರ್ ಆಗಲ್ವಾ? ಟೈಮಿಗೆ ಬಂದವ್ರಿಗೆ ಅನ್ಯಾಯ ಅಲ್ವಾ?'

'ಆಗುತ್ತೆ. ಈಗ ಟೈ ಕಟ್ಕೊಂಡು ಬಂದನಲ್ಲ, ಅವನನ್ನ ಏನ್ ಮಾಡಿದೆ?'

'ಮೇಲೆ ಬಂದವ್ರನ್ನ ವಾಪಸ್ ಕಳಿಸಕ್ಕಾಗುತ್ತಾ?'

'ಸರಿ. ಇವಳೂ ಮೇಲೇ ಬಂದಿದ್ದಾಳೆ.'

ಆದರೆ ಅವನ ಇನ್ನೊಂದು ಮಾತು ನ್ಯಾಯವಾಗಿತ್ತು. ಇವಳ ಮುಖ, ಊರು, ಕಷ್ಟ ಎಲ್ಲ ನನಗೆ ಗೊತ್ತಾಗಿಬಿಟ್ಟಿದೆ, ನಾನು ಮಾರ್ಕ್ಸ್ ಕೊಡುವ ಹಾಗಿಲ್ಲ ಎಂದ. ಒಪ್ಪಿದೆ. ಬಾಯಿಗೆ ಬೀಗ ಹಾಕಿಕೊಂಡು ಮೂಲೆಯಲ್ಲಿ ಕೂತೆ. (ನನ್ನನ್ನು ಬಲ್ಲವರಿಗೆ ಇದೆಂಥ ತಪಸ್ಸೆಂದು ಗೊತ್ತು.) ಸಿಟ್ಟಿಗೆದ್ದ ಗ್ರಾಹಕನಾಗಿ ಸಂದೀಪನೇ ಕೂಗಾಡಿದ.

'ನಿಮ್ಮ ಸಿಟ್ಟಿನಾಗ ತಪ್ಪಿಲ್ರಿ ಸರ್' ಎಂದಿತು ಫೋನಿನ ದನಿ. 'ಭಾಳ ಹೊತ್ತು ಕಾಯಿಸಿದ್ರ ಯಾರಿಗಾದ್ರೂ ಬರತದ. ಮೊದಲ ಏನಾತು ಹೇಳ್ರಿ, ನಾ ಕೇಳಾಕತ್ತೀನಿ.' ಸಂದೀಪ ಮುಂದಿನ ಬೈಗುಳ ಮರೆತು ಕೂತ.

ಸಂಜೆ ಫಲಿತಾಂಶ ಬಂತು. ಮಹಾದೇವಿಗೆ ಕೆಲಸ ಸಿಕ್ಕಿತು. ಟೈ ಕಟ್ಟಿದ ಹುಡುಗನಿಗೂ ಸಿಕ್ಕಿತು, ಅವನೂ ಚೆನ್ನಾಗಿಯೇ ಮಾತಾಡಿದ್ದ. ಅವನ ಮೇಲೆ ನನಗೇನೂ ಕೋಪವಿಲ್ಲ. ಅಪ್ಪನ ಹತ್ತಿರ ಕಾರಿತ್ತು, ತಂದು ಬಿಟ್ಟರು. ಯಾವ ಅಪ್ಪ ಬಿಡುವುದಿಲ್ಲ ಹೇಳಿ?

ನನ್ನ ತಕರಾರು ಬೇರೆ. ಅವಕಾಶ ಎಲ್ಲರಿಗೂ ಸಮಾನ ಎನ್ನುತ್ತೇವೆ. ಎಲ್ಲಿಂದ ಸಮಾನ? ಲಿಫ್ಟ್ ಹತ್ತಿದ ಮೇಲಿಂದಲೋ, ಬಸ್ ಸ್ಟಾಪಿನಿಂದಲೋ? ಒಳಗೆ ಮುಖ ಮರೆಮಾಡಿ, ಹೆಸರು ಮರೆಮಾಡಿ ಅಷ್ಟು ನಾಜೂಕಾಗಿ ತೂಗುತ್ತೇವೆ. ಹೊರಗೆ ಗೇಟಿನಲ್ಲಿ ಆಗಲೇ ಯಾರೋ ಅರ್ಧ ಜನರನ್ನು ಜರಡಿ ಹಿಡಿದಿರುತ್ತಾರೆ. ಹಾಗೆ ಸೋಸಿ ಬಿಟ್ಟವರಿಗೆ ನಾವು 'ನೋ ಶೋ' ಎಂದು ಹೆಸರಿಡುತ್ತೇವೆ. ಮಹಾದೇವಿಗೆ ನಾನು ಕೊಟ್ಟದ್ದೂ ನ್ಯಾಯವಲ್ಲ, ಬರೀ ಡ್ರಾಪ್. ನನಗೆ ಟೀ ಚಟ ಇಲ್ಲದಿದ್ದರೆ ಅದೂ ಇರುತ್ತಿರಲಿಲ್ಲ. ಒಬ್ಬರ ಬದುಕು ಇನ್ನೊಬ್ಬರ ಟೀ ಚಟದ ಮೇಲೆ ನಿಲ್ಲಬಾರದು ಕಣ್ರೀ.

ಇದನ್ನೆಲ್ಲ ಹೇಳಿದಾಗ ಸಂದೀಪ ನಕ್ಕ. 'ಒಂದು ಗೇಟಿಗೆ ಇಷ್ಟು ದೊಡ್ಡ ಭಾಷಣನಾ ಅಕ್ಕ?' ನೀನು ಆ ಗೇಟಿನಲ್ಲಿ ಯಾವತ್ತಾದರೂ ನಡೆದು ಬಂದಿದ್ದೀಯಾ ಎಂದೆ. ಇಲ್ಲವಂತೆ. ಹಾಗಾದರೆ ಒಂದು ದಿನ ಕಾರು ಬಿಟ್ಟು ಬಸ್ಸಿನಲ್ಲಿ ಬಾ ಎಂದೆ. 'ಅದೇನ್ ಮಹಾ' ಎಂದು ಒಪ್ಪಿಕೊಂಡ.

ಮೊನ್ನೆ ಬೆಳಿಗ್ಗೆ ನಾನು ದೋಸೆ ಹುಯ್ಯುತ್ತಿರುವಾಗ ಅವನ ಫೋನು ಬಂತು. ದನಿ ಸಪ್ಪಗಿತ್ತು. 'ಅಕ್ಕ, ಐಡಿ ಕಾರ್ಡು ಕಾರಲ್ಲೇ ಉಳ್ಕೊಂಡಿದೆ. ನಾನು ಮ್ಯಾನೇಜರ್ ಅಂದ್ರೂ ಕೇಳ್ತಿಲ್ಲ. ಒಳಗೆ ಬಿಡ್ತಿಲ್ಲ.'

ನಾನು ಸಾವಕಾಶವಾಗಿ ದೋಸೆ ಮಗುಚಿ ಹಾಕಿ ಕೇಳಿದೆ: 'ಡಿಕ್ಕಿ ತಂದಿದ್ದೀಯೇನೋ?'